ಮುಂದಿನ ಹೊಲ ಯಾರದು

"ಹಾಗಾದ್ರೆ ಈ ಕೆಸರು ಬರೋದು ಎಲ್ಲಿಂದ?" ಎಂದು ಕೆಮುಂಟೊ ಮೇಡಮ್ ಕೇಳಿದರು.

ಬೋರ್ಡಿಗೆ ಅಂಟಿಸಿದ್ದ ದೊಡ್ಡ ಹಾಳೆಯ ಮೇಲೆ ಅವರು ಒಂದು ಮರ ಬರೆದಿದ್ದರು. ಕಾಂಡದಲ್ಲಿ ತೊಂದರೆ, ಕೊಂಬೆಗಳಲ್ಲಿ ಅದರ ಫಲ, ಬೇರಿನಲ್ಲಿ ಕಾರಣ. ಕಾಂಡದ ಮೇಲೆ ‘ಶಾಲೆಯ ದಾರಿಯ ಕೆಸರು’ ಎಂದು ಬರೆದಾಗಿತ್ತು. ಕೊಂಬೆಗಳೂ ತುಂಬಿದ್ದವು: ಮಳೆಗಾಲದಲ್ಲಿ ಒಂದನೇ ತರಗತಿಯ ಮಕ್ಕಳು ಜಾರಿ ಬೀಳುವುದು, ಸಮವಸ್ತ್ರ ಕೆಂಪಾಗುವುದು, ಹೋದ ನವೆಂಬರಿನಲ್ಲಿ ಒಂದು ಮಗುವಿನ ಎಡಗಾಲಿನ ಶೂ ಹೂತುಹೋಗಿ ಈವತ್ತಿಗೂ ಸಿಗದಿರುವುದು. ಬೇರುಗಳು ಮಾತ್ರ ಬರಿದಾಗಿದ್ದವು.

ಕತುಂಗೆ ಮುಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಅರ್ಜಿಯ ಹಾಳೆಗೆ ಇಳಿಸುತ್ತಿದ್ದಳು. ಅವಳ ಅಕ್ಷರ ದುಂಡಗಿದೆ ಎಂದು ಎಂಟನೇ ತರಗತಿಯ ಇಪ್ಪತ್ತಮೂರು ಮಕ್ಕಳೂ ಸೇರಿ ಅವಳನ್ನೇ ಕಾರ್ಯದರ್ಶಿ ಮಾಡಿದ್ದರು. ಊರಿಗೆ ಏನಾದರೊಂದು ಸೇವೆ ಮಾಡಬೇಕು, ಅದಕ್ಕೆ ಯೋಜನೆ ಬರೆಯಬೇಕು, ಫೋಟೊ ಅಂಟಿಸಿ ಕೊಡಬೇಕು. ಅದಕ್ಕೆ ಅಂಕ ಉಂಟು. ಎರಡು ವಾರದಿಂದ ಇದೇ ಜಗಳ. ಸಂತೆ ಮೈದಾನ ಗುಡಿಸೋಣವೆಂದರೆ ಏಳನೇ ತರಗತಿಯವರು ಆಗಲೇ ಹಿಡಿದುಕೊಂಡಿದ್ದರು. ಆಸ್ಪತ್ರೆಯ ಮುಂದೆ ಗಿಡ ನೆಡೋಣವೆಂದರೆ ಹೋದ ವರ್ಷ ನೆಟ್ಟ ಗಿಡಗಳನ್ನು ಆಡುಗಳು ಮೇಯ್ದು ಆಸರೆಯ ಕೋಲುಗಳನ್ನಷ್ಟೇ ಉಳಿಸಿದ್ದವು. ಕೊನೆಗೆ ಕೆಸರಿನ ಮಾತು ಎತ್ತಿದವಳು ಕತುಂಗೆಯೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಅವಳ ಎದೆಯಲ್ಲಿ ಇನ್ನೂ ಬೆಚ್ಚಗಿತ್ತು.

ಹಿಂದಿನ ಬೆಂಚಿನಿಂದ ಮುಲ್ವ ಎದ್ದು ನಿಂತ. ಈ ವರ್ಷ ಇದ್ದಕ್ಕಿದ್ದಂತೆ ಉದ್ದವಾಗಿ ಗಂಟಲು ಒಡೆದ ಹುಡುಗ ಅವನು. ಮಾತಾಡಿದರೆ ತಗಡು ಎಳೆದಂತೆ ಕೇಳುತ್ತಿತ್ತು.

"ಮೇಡಮ್, ನಾನು ನಿನ್ನೆ ಕೊರಕಲಿನ ಜಾಡು ಹಿಡ್ಕೊಂಡು ಹೋಗಿದ್ದೆ. ಮೋರಿ ದಾಟಿ, ಆಡು ಹೋಗೋ ದಾರೀಲಿ ಮೇಲಕ್ಕೆ. ಅಲ್ಲೊಂದು ಹೊಲದಲ್ಲಿ ಎರಡು ಬದು ಒಡ್ದೋಗಿದೆ. ಮಣ್ಣೆಲ್ಲಾ ಅಲ್ಲಿಂದ್ಲೇ ಇಳಿಯೋದು."

"ಭೇಷ್! ಯಾರ ಹೊಲ ಅದು?"

ಮುಲ್ವ ಮುಂದಿನ ಬೆಂಚಿನ ಕತುಂಗೆಯ ಕಡೆ ನೋಡಿದ. ಮೇಡಮ್ ಒಬ್ಬರನ್ನು ಬಿಟ್ಟು ಆ ಕೋಣೆಯಲ್ಲಿದ್ದ ಎಲ್ಲರಿಗೂ ಅದು ಯಾರ ಹೊಲವೆಂದು ಗೊತ್ತಿತ್ತು. ಮೇಡಮ್ ದೂರದ ಕಿಸಿ ಊರಿನವರು, ಈ ಶಾಲೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ದಿನಕ್ಕೆ ನಾಲ್ಕು ಸಲ ಕರಿ ಜೋಡಿನ ಮೇಲಿನ ಕೆಂಪು ಧೂಳು ಒರೆಸಿಕೊಳ್ಳುವವರು. ಕತುಂಗೆಯ ಪೆನ್ನು ನಿಂತಿತು. ಕೆಸರಿನ ಮಾತು ಎತ್ತುವಾಗ ಅದು ಹರಿದು ಬರುವ ದಾರಿಯನ್ನು ಹಿಂದಕ್ಕೆ ನಡೆದು ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಸ್ಯೊಂಬುವಜ್ಜೀದು ಮೇಡಮ್," ಎಂದ ಮುಲ್ವ. "ಕತುಂಗೆ ಅಜ್ಜಿ."

ಮೇಡಮ್ಮರ ಮುಖ ಅರಳಿತು. "ಎಷ್ಟು ಒಳ್ಳೇದಾಯ್ತು ನೋಡಿ! ದಾರಿನೂ ಸರಿಹೋಗುತ್ತೆ, ಒಬ್ಬ ಅಜ್ಜಿಗೂ ನೆರವಾಗುತ್ತೆ. ಕತುಂಗೆ, ಬರ್ಕೋ. ಮೂರನೇ ಪುಟ. ನೆರವು ಪಡೆಯುವವರು ಅಂತ ಇದೆಯಲ್ಲ, ಅಲ್ಲಿ ಬರಿ: ಅಸಹಾಯಕ ವೃದ್ಧೆ."

"ಅಸಹಾಯಕ ಅಂತೆ!" ಹಿಂದೆ ಯಾರೋ ಪಿಸುಗುಟ್ಟಿದರು. "ಆ ಅಜ್ಜಿ ಕೈಲಿ ಬೈಸ್ಕೊಂಡಿಲ್ಲ ಮೇಡಮ್ಮು, ಪಾಪ."

ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಕತುಂಗೆ ತಲೆ ಎತ್ತಲಿಲ್ಲ. ಸ್ವೆಟರಿನ ತೋಳಿನಿಂದ ಒಂದು ಎಳೆ ಹೊರಗೆ ಬಂದಿತ್ತು. ಅದನ್ನು ಬೆರಳಿಗೆ ಸುತ್ತಿ ಸುತ್ತಿ ತುದಿ ನೀಲಿಯಾಗುವವರೆಗೆ ಎಳೆದಳು. ‘ವೃದ್ಧೆ’ ಎಂದು ಬರೆದಳು. ಅದರ ಹಿಂದಿನ ಪದಕ್ಕೆ ಜಾಗ ಬಿಟ್ಟಳು.

"ಕೊನೇ ಪುಟದಲ್ಲಿ ಹೊಲದವರ ಒಪ್ಪಿಗೆ ಬೇಕು," ಎಂದರು ಮೇಡಮ್. "ಅಜ್ಜಿ ಕೈಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ಗುರುವಾರದೊಳಗೆ. ಕೆಲಸ ಮುಂದಿನ ಶುಕ್ರವಾರ, ಮಳೆ ಹಿಡಿಯೋಕ್ಕೆ ಮುಂಚೆ."

*

ಮನೆಯಲ್ಲಿ ಅಜ್ಜಿ ಜಗಲಿಯ ಮೇಲೆ ಎಡಗಾಲು ಚಾಚಿ ಕತ್ತಾಳೆ ನಾರಿನ ಬುಟ್ಟಿ ಹೆಣೆಯುತ್ತಿದ್ದಳು. ಎರಡು ವರ್ಷದ ಹಿಂದೆ ಜಾರಿ ಬಿದ್ದಂದಿನಿಂದ ಆ ಮೊಣಕಾಲು ಮಡಚುತ್ತಿರಲಿಲ್ಲ. ಕತುಂಗೆ ಚೀಲವನ್ನು ಒಳಗಿಡದೆ ಅಲ್ಲೇ ನಿಂತಳು.

"ಅಜ್ಜಿ, ಕೆಳಗಿನ ಹೊಲದ ಬದು..."

"ಒಡ್ದೈತೆ. ನಂಗೂ ಕಣ್ಣೈತೆ."

"ಅಲ್ಲ, ಯಾರಾದ್ರೂ ಬಂದು ಕಟ್ಟಿದ್ರೆ..."

"ಯಾರು? ನಿಮ್ಮಮ್ಮನೂ ಹಂಗೇ ಅಂದ್ಲು, ಕೂಲಿಯೋನ್ನ ಕರೀತೀನಿ ಅಂತ. ಕೂಲಿಯೋನು ಕಟ್ಟಿದ ಬದು ಅವನು ಊಟ ಮಾಡಿ ಎದ್ದೋಗೋ ತಂಕ ನಿಲ್ತದೆ. ನನ್ ಕಾಲು ವಾಸಿಯಾಗ್ಲಿ, ನಾನೇ ಕಟ್ತೀನಿ." ಅಜ್ಜಿ ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. "ಯಾಕೆ ಹಂಗೆ ಕಾಲ್ ಕುಣಿಸ್ತಾ ನಿಂತಿದೀಯ? ಇರುವೆ ಹತ್ತಿದ್ವಾ?"

ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅಡುಗೆಮನೆಯ ಗೋಡೆಯ ಮೊಳೆಗೆ ಒಂದು ಕಬ್ಬಿಣದ ಪೀಪಿ ನೇತಾಡುತ್ತಿತ್ತು. ಮೂವತ್ತು ವರ್ಷ ಈ ಗುಡ್ಡದ ಹೆಂಗಸರ ಮ್ವೆಥ್ಯಕ್ಕೆ, ಅಂದರೆ ಮುಯ್ಯಾಳಿನ ಗುಂಪಿಗೆ, ಅಜ್ಜಿಯೇ ಯಜಮಾನಿ. ಅವಳು ಬೆಳಗಿನ ಜಾವ ಪೀಪಿ ಊದಿದರೆ ಇಪ್ಪತ್ತು ಗುದ್ದಲಿಗಳು ಅವತ್ತಿನ ಸರದಿಯ ಹೊಲದಲ್ಲಿ ಇಳಿಯುತ್ತಿದ್ದವು. ತಡವಾಗಿ ಬಂದವಳು ಒಂದು ಹೊರೆ ಸೌದೆ ದಂಡ ತೆರಬೇಕಿತ್ತು. ಒಡೆದು ಹೋಗಿರುವ ಆ ಎರಡು ಬದುಗಳೂ ಹಾಗೆ ಕಟ್ಟಿದವೇ. ಆಮೇಲೆ ಗುಂಪಿನ ಕೆಲವರು ಮಣ್ಣು ಸೇರಿದರು, ಉಳಿದವರ ಸೊಂಟ ಬಗ್ಗಿತು, ಸೊಸೆಯಂದಿರು ಚೀಟಿಯ ಗುಂಪು ಕಟ್ಟಿಕೊಂಡರು. ಪೀಪಿ ಮೊಳೆಯಲ್ಲೇ ಉಳಿಯಿತು.

ಹೋದ ವರ್ಷ ಚರ್ಚಿನವರು ಮುದುಕರಿಗೆಂದು ಕಂಬಳಿ ಹಂಚುತ್ತ ಇಲ್ಲಿಗೂ ಬಂದಿದ್ದರು. ಅಜ್ಜಿ ಕಂಬಳಿ ತೆಗೆದುಕೊಂಡು ನಕ್ಕು, ಅವರು ಹೊರಡುವ ಮೊದಲು ಒಂದು ಕೋಳಿಯ ಕಾಲು ಕಟ್ಟಿ ಅವರ ಕೈಗಿಟ್ಟಿದ್ದಳು. "ಕಂಬಳಿ ಬೆಚ್ಚಗಿದೆ ಅನ್ನು," ಎಂದು ಅಮ್ಮ ಎಷ್ಟೋ ದಿನ ಗೊಣಗಿದ್ದಳು, "ಮೊಟ್ಟೆ ಇಡ್ತಿದ್ದ ಕೋಳಿ ಹೋಯ್ತು."

ಇಂಥವಳ ಮುಂದೆ ಮೂರನೇ ಪುಟದ ಆ ಸಾಲು ಓದುವುದು ಹೇಗೆ? ಅಜ್ಜಿ ಒಪ್ಪಲಿಲ್ಲ ಎಂದು ಶಾಲೆಯಲ್ಲಿ ಹೇಳಿಬಿಡಬಹುದಿತ್ತು. ಆದರೆ ಇಪ್ಪತ್ತಮೂರು ಜನರ ಅಂಕ, ಮತ್ತೆ ಹೊಸ ಕೆಲಸ ಹುಡುಕಲು ದಿನಗಳಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆಸರು ಕತುಂಗೆಯ ಮನೆಯಿಂದಲೇ ಹರಿದು ಬರುತ್ತದೆ, ಅವರಿಗೆ ಬೇಕಾಗಿಯೇ ಇಲ್ಲ ಎಂಬ ಮಾತು. ಮಂಗಳವಾರ ನೀರು ತಂದು ಹಂಡೆಗೆ ಸುರಿಯುವಾಗ ಹೇಳುವೆನೆಂದುಕೊಂಡಳು. ಬುಧವಾರ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವಾಗ ಹೇಳುವೆನೆಂದುಕೊಂಡಳು. "ಇಲ್ಲಲ್ಲ, ಮೇಲೆ, ಮೇಲೆ," ಎಂದು ಅಜ್ಜಿ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮಾತು ನಾಲಿಗೆಯ ತುದಿಯವರೆಗೆ ಬಂದು ಎಣ್ಣೆಯಂತೆ ಜಾರಿಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಶಾಲೆಯ ದಾರಿಯಲ್ಲಿ, ಮೋರಿಯ ಹತ್ತಿರ ಅವಳು ನಿಂತಳು. ಪೆನ್ನಿನ ಕಡ್ಡಿ ತೆಗೆದು ಹೆಬ್ಬೆರಳಿಗೆ ಶಾಯಿ ಊದಿಕೊಂಡಳು. ಅರ್ಜಿಯನ್ನು ತೊಡೆಯ ಮೇಲಿಟ್ಟು ಕೊನೆಯ ಪುಟದಲ್ಲಿ ಒತ್ತಿದಳು. ಆಮೇಲೆ ಬೆರಳನ್ನು ಮಣ್ಣಿಗೆ ತಿಕ್ಕಿದಳು, ಎಲೆಗೆ ತಿಕ್ಕಿದಳು, ಉಗುಳಿ ಸ್ಕರ್ಟಿನ ಒಳ ಅಂಚಿಗೆ ತಿಕ್ಕಿದಳು. ಉಗುರಿನ ಸಂದಿಯ ನೀಲಿ ಹೋಗಲಿಲ್ಲ. ಮೇಡಮ್ ಅರ್ಜಿಯನ್ನು ತೆಗೆದುಕೊಂಡು, "ಅಜ್ಜಿಗೆ ತುಂಬಾ ಖುಷಿಯಾಯ್ತಾ?" ಎಂದು ಕೇಳಿದಾಗ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ಹೂಂ ಮೇಡಮ್" ಎಂದಳು.

ಅವತ್ತೆಲ್ಲ ಹಂಚಿಕೆಯ ಗಲಾಟೆ. ಗುದ್ದಲಿ ಯಾರು ತರುವುದು, ನೀರಿನ ಕ್ಯಾನ್ ಯಾರು, ಕೆಲಸಕ್ಕೆ ಮೊದಲಿನ ಫೋಟೊ ಎಲ್ಲಿಂದ, ಆಮೇಲಿನದು ಎಲ್ಲಿಂದ. ಕೊನೆಗೆ ಅಜ್ಜಿ ಮಕ್ಕಳ ಕೈ ಕುಲುಕುವ ಒಂದು ಫೋಟೊ ಬೇಕೇ ಬೇಕು ಎಂದರು ಮೇಡಮ್.

"ಬದುವಿನ ಅಳತೆ ಬೇಕಲ್ಲ," ಎಂದ ಮುಲ್ವ. "ಶನಿವಾರ ನಾನು ದಾರ ತಗೊಂಡು ಬರ್ತೀನಿ."

"ಬೇಡ, ನಾನೇ ಅಳೀತೀನಿ," ಎಂದಳು ಕತುಂಗೆ, ಅವಸರದಲ್ಲಿ.

"ನೀನಾ? ಹೋದ ಸಲ ಫುಟ್‌ಬಾಲ್ ಮೈದಾನ ಅಳೆದು ಹನ್ನೆರಡು ಮೀಟರ್ ಅಂದೋಳು!"

ಎಲ್ಲರೂ ನಕ್ಕರು. ಅವಳೂ ನಗಬೇಕಾಯಿತು.

*

ಶನಿವಾರ ನೀರಿನ ಹಳದಿ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡು ಏರು ಹತ್ತಿ ಬರುವಾಗ ಅವಳಿಗೆ ಮೊದಲು ಕಂಡದ್ದು ಹೊಲದಲ್ಲಿ ಎಳೆದಿದ್ದ ಬಿಳಿ ದಾರ. ಆಮೇಲೆ ಮುಲ್ವ ಕಂಡ. ಅವನ ಎದುರಿಗೆ ಕೋಲೂರಿ ನಿಂತ ಅಜ್ಜಿ ಕಂಡಳು. ಕ್ಯಾನಿನ ನೀರು ಕುಲುಕಿ ಬೆನ್ನು ಒದ್ದೆಯಾಗುವಂತೆ ಓಡಿದರೂ ಅವಳು ತಲುಪುವಷ್ಟರಲ್ಲಿ ಹೇಳುವುದೆಲ್ಲ ಹೇಳಿಯಾಗಿತ್ತು.

"...ಇಪ್ಪತ್ತಮೂರು ಜನ ಬರ್ತೀವಿ ಅಜ್ಜಿ. ನಿಮಗೆ ಗೊತ್ತಲ್ಲ, ನೀವೇ ಹೆಬ್ಬೆಟ್ಟು ಒತ್ತಿದೀರ."

"ಹೆಬ್ಬೆಟ್ಟಾ?" ಎಂದಳು ಅಜ್ಜಿ.

ಅವಳು ತನ್ನ ಬಲಗೈ ಎತ್ತಿ ಹೆಬ್ಬೆರಳನ್ನು ನೋಡಿಕೊಂಡಳು, ಯಾರದೋ ವಸ್ತು ತನ್ನ ಕೈಗೆ ಸಿಕ್ಕಂತೆ. ಕತುಂಗೆಯ ಅಪ್ಪ ಏಳನೇ ತರಗತಿಯಲ್ಲಿದ್ದಾಗ, ಸಂಜೆ ಮರದ ಕೆಳಗೆ ನಡೆಯುತ್ತಿದ್ದ ಪಾಠಕ್ಕೆ ಹೋಗಿ ಅಜ್ಜಿ ಅಕ್ಷರ ಕಲಿತಿದ್ದಳು. ಅಂದಿನಿಂದ ಎಲ್ಲೂ ಹೆಬ್ಬೆಟ್ಟು ಒತ್ತಿದವಳಲ್ಲ. ಮತ ಹಾಕುವ ದಿನ ಬೆರಳಿಗೆ ಶಾಯಿ ಹಚ್ಚಿದರೂ ಗೊಣಗುವವಳು. ಈಗ ಅವಳು ಕೈ ಇಳಿಸಿ ಕತುಂಗೆಯ ಕಡೆ ತಿರುಗಿದಳು. ಕತುಂಗೆ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಅಜ್ಜಿ ಮುಲ್ವನ ಕಡೆ ತಿರುಗಿ ಕೇಳಿದಳು, "ಸರಿ ಕಣ್ಲಾ. ಶುಕ್ರವಾರ ನನ್ ಹೊಲ. ಮುಂದಿನ ಹೊಲ ಯಾರ್ದು?"

"ಮುಂದಿನ್ದು?"

"ನನ್ನಾದ ಮ್ಯಾಲೆ ಯಾರ್ ಮನೇಗೆ ಹೋಗದು ಅಂತ."

"ಎಲ್ಲಿಗೂ ಇಲ್ಲ ಅಜ್ಜಿ. ಇದೊಂದೇ. ಆಮೇಲೆ ವರದಿ ಬರೀತೀವಿ."

"ಒಂದೇ ಮನೆಗಾ?" ಅಜ್ಜಿ ಕೋಲನ್ನು ಮಣ್ಣಿಗೆ ಊರಿದಳು. "ಊರೆಲ್ಲಾ ಗುದ್ದಲಿ ತಗೊಂಡು ಒಂದ್ ಮನೆಗೆ ಬಂದು, ತಿರುಗ ಏನೂ ಕೇಳ್ದೆ ಹೋಗೋ ಕೆಲ್ಸ ಒಂದೇ ಕಣಪ್ಪ. ಗುಂಡಿ ತೋಡೋದು. ಹೆಣ ಮುಯ್ಯಿ ತೀರ್ಸಕಾಗಲ್ಲ, ಅದಕ್ಕೆ. ನಾನಿನ್ನೂ ಉಸಿರಾಡ್ತಿದೀನಿ, ನೋಡು."

ಮುಲ್ವ ನಗಬೇಕೋ ಬೇಡವೋ ತಿಳಿಯದೆ ದಾರ ಸುತ್ತಿಕೊಂಡ. "ನೀರು ತಂದ್ಯಾ?" ಎಂದು ಅಜ್ಜಿ ಕತುಂಗೆಗೆ ಹೇಳಿದಳು. "ಹಂಡೆಗೆ ಸುರಿ."

ಅಷ್ಟೇ. ಭಾನುವಾರವೂ ಅಷ್ಟೇ, ಸೋಮವಾರವೂ ಅಷ್ಟೇ. ಆಡು ಕಟ್ಟಿದೆಯಾ, ಸೌದೆ ಒಣಗಿದೆಯಾ, ದೀಪ ತಗ್ಗಿಸು. ಬೈದರೆ ಬೈಗುಳ ಮುಗಿಯುತ್ತದೆ, ಇದು ಮುಗಿಯುವಂಥದ್ದಾಗಿರಲಿಲ್ಲ. ಕತುಂಗೆ ಕೂತಲ್ಲಿ ಕೂರಲಿಲ್ಲ. ಅಂಗಳ ಎರಡು ಸಲ ಗುಡಿಸಿದಳು. ಶಾಲೆಯಲ್ಲಿ ಅರ್ಜಿಯ ಪುಟಗಳನ್ನು ತಿರುವಿ ಹಾಕಿ, ಆ ಹೆಬ್ಬೆಟ್ಟಿನ ಮೇಲೆ ಶಾಯಿ ಚೆಲ್ಲಿಬಿಡಲೇ ಎಂದು ಯೋಚಿಸಿದಳು. ಸ್ವೆಟರಿನ ತೋಳು ಒಂದು ಬೆರಳಿನಷ್ಟು ಗಿಡ್ಡವಾಯಿತು.

ಬುಧವಾರ ಸಂಜೆ ಅಮ್ಮ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಸುಕಿನಲ್ಲೇ ಎದ್ದು ಬಸ್ ನಿಲ್ದಾಣದಲ್ಲಿ ಟೊಮೇಟೊ ಮಾರಿ ಬಂದವಳು, ಕಣ್ಣು ಕೆಂಪಾಗಿದ್ದವು. ಆದರೂ ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಅವಳ ತೋಳಿನಿಂದ ಜೋತಾಡುತ್ತಿದ್ದ ಎಳೆಯನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿದಳು.

"ಒಲೆ ಹಿಂದಿರೋ ದೊಡ್ಡ ಮಡಕೆ ತೊಳೆದಿಡು ಅಂದ್ರು ನಿಮ್ಮಜ್ಜಿ," ಎಂದಳು.

"ಯಾಕಂತೆ?"

"ಮ್ವೆಥ್ಯ ನಿಂತ ಮೇಲೆ ಅದು ಒಲೆ ಮೇಲೇರೇ ಇಲ್ಲ, ಆರು ವರ್ಷ ಆಯ್ತು. ಯಾಕೆ ಅಂತ ಕೇಳೋ ಧೈರ್ಯ ನಂಗಿಲ್ಲಮ್ಮ. ನೀನು ಕೇಳು."

"ನನ್ ಜೊತೆ ಮಾತೇ ಆಡಲ್ಲ ಅವ್ರು."

"ಅವ್ರು ಆಡಲ್ವೋ, ನೀನು ಆಡಲ್ವೋ?" ಅಮ್ಮ ಮೊರವನ್ನು ಒಮ್ಮೆ ಕೊಡವಿದಳು. ಹೊಟ್ಟು ಹಾರಿತು. "ಹೆಬ್ಬೆಟ್ಟಿನ ವಿಷ್ಯ ನಂಗೂ ಗೊತ್ತು, ಹೋಗು ಮಗಾ. ಸುಳ್ಳು ಹೊತ್ಕೊಂಡು ಎಷ್ಟು ದಿನ ಅಂತ ನಡೀತೀಯ."

ಅಜ್ಜಿ ಹಿತ್ತಲಿನಲ್ಲಿ ಕಲ್ಲಿನ ಮೇಲೆ ಕೂತು ಹಳೆಯ ಗುದ್ದಲಿಗೆ ಮರದ ಹೊಸ ಕಾವು ಕೂರಿಸುತ್ತಿದ್ದಳು. ಕತುಂಗೆ ಎರಡು ಮಾರು ದೂರದಲ್ಲಿ ನಿಂತಳು.

"ಅಜ್ಜಿ, ಆ ಹೆಬ್ಬೆಟ್ಟು ನಂದು."

"ಗೊತ್ತು."

"ನಾಳೆ ಬೇಡ ಅಂತ ಹೇಳಿಬಿಡ್ತೀನಿ. ಅಜ್ಜಿಗೆ ಗೊತ್ತೇ ಇರ್ಲಿಲ್ಲ, ನಾನೇ ಒತ್ತಿದ್ದು ಅಂತ ಹೇಳಿಬಿಡ್ತೀನಿ."

"ಕರೆದ ಮ್ಯಾಲೆ ಬೇಡ ಅನ್ನದಾ?" ಅಜ್ಜಿ ಕಾವನ್ನು ಕಲ್ಲಿಗೆ ಕುಟ್ಟಿದಳು. "ಮ್ವೆಥ್ಯ ಕರೆದು ಬಾಗಿಲು ಹಾಕ್ಕೊಂಡ ಮನೇಗೆ ಮತ್ತೆ ಯಾರೂ ಕಾಲಿಡಲ್ಲ. ನೀನು ನನ್ ಹೆಸ್ರಲ್ಲಿ ಕರೆದಾಯ್ತು. ಸರಿಯಾಗಿ ಕರೆದ್ಯಾ? ಇಲ್ಲ. ಮುಂದಿನ ಹೊಲ ಯಾರ್ದು ಅಂತ ಹೇಳ್ದೆ ಯಾರಾದ್ರೂ ಕರೀತಾರಾ?"

"ಆ ಹಾಳೇಲಿ ಅದಕ್ಕೆ ಜಾಗ ಇಲ್ಲ ಅಜ್ಜಿ."

"ಮತ್ತೆ ಏನಕ್ಕೈತೆ ಜಾಗ?"

ಕತುಂಗೆಗೆ ‘ನೆರವು ಪಡೆಯುವವರು’ ಎಂದು ಹೇಳಲಾಗಲಿಲ್ಲ. ಅಜ್ಜಿ ಗುದ್ದಲಿಯನ್ನು ಬೆಳಕಿಗೆ ಹಿಡಿದು ಕಾವು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು.

*

ಶುಕ್ರವಾರ ಎಂಟೂವರೆಗೆ ಮಕ್ಕಳು ಸಾಲಾಗಿ ಏರು ಹತ್ತಿ ಬಂದರು. ಮುಂದೆ ಮೇಡಮ್, ಕೈಯಲ್ಲಿ ಫೋನು. ಹೊಲದ ಅಂಚಿನಲ್ಲಿ ಅಜ್ಜಿ ನಿಂತಿದ್ದಳು: ತಲೆಗೆ ಹೊಸ ವಸ್ತ್ರ, ಕೊರಳಲ್ಲಿ ಪೀಪಿ. ಹಿಂದೆ ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಮಡಕೆಯಲ್ಲಿ ಮೆಕ್ಕೆಜೋಳವೂ ತೊಗರಿಯೂ ಕುದಿಯುತ್ತಿತ್ತು.

"ಅಜ್ಜಿ, ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ. ಎಲ್ಲಾ ಮಕ್ಕಳೇ ಮಾಡ್ತಾರೆ," ಎಂದರು ಮೇಡಮ್.

ಅಜ್ಜಿ ಪೀಪಿ ಊದಿದಳು. ಗುಡ್ಡದ ಆ ಕಡೆಯ ನಾಯಿಗಳೂ ಬೊಗಳಿದವು. "ನಾಲ್ಕು ಜನ ತಡವಾಗಿ ಬಂದ್ರಿ," ಎಂದಳು, ಇನ್ನೂ ಏದುಸಿರು ಬಿಡುತ್ತಿದ್ದವರನ್ನು ಕೋಲಿನಿಂದ ತೋರಿಸಿ. "ತಲಾ ಒಂದೊಂದು ಹೊರೆ ಸೌದೆ. ಲೋ ಮುಲ್ವ, ದಾರ ಹಿಡಿ. ಮಣ್ಣು ಕೆಳಗೆ ಅಲ್ಲ, ಮ್ಯಾಲಕ್ಕೆ ಎಸೀಬೇಕು. ಕೆಳಕ್ಕೆ ಎಸೆಯೋಕ್ಕೆ ನೀವ್ ಯಾಕೆ, ಮಳೆನೇ ಸಾಕು. ಏನಮ್ಮಾ ಮೇಡಮ್ಮು, ನಿಮ್ ಗುದ್ದಲಿ ಎಲ್ಲಿ?"

"ನಾನು ಫೋಟೊ..."

"ಮ್ವೆಥ್ಯದಲ್ಲಿ ನಿಂತು ನೋಡೋರಿಲ್ಲ."

ಮೇಡಮ್ ಒಂದು ಕ್ಷಣ ತಮ್ಮ ಕರಿ ಜೋಡನ್ನು ನೋಡಿಕೊಂಡರು. ಆಮೇಲೆ ಅದನ್ನು ಬಿಚ್ಚಿ ಮಾವಿನ ಮರದ ಕೆಳಗೆ ಜೋಡಿಸಿಟ್ಟು ಬಂದರು. ಹತ್ತು ಗಂಟೆಯಷ್ಟರಲ್ಲಿ ಅವರು ಗುದ್ದಲಿ ಹಾಕುವ ವರಸೆ ನೋಡಿ ಅಜ್ಜಿ, "ನಿಮ್ಮೂರಲ್ಲೂ ಮಣ್ಣೈತೆ ಅನ್ನು," ಎಂದಳು. "ಮೂರೆಕ್ರೆ ಬಾಳೆ ಅಜ್ಜಿ, ನಮ್ಮಪ್ಪಂದು," ಎಂದರು ಮೇಡಮ್, ಬೆವರು ಒರೆಸಿಕೊಂಡು ನಗುತ್ತ. ಕತುಂಗೆ ಅವರ ಪಕ್ಕದಲ್ಲೇ ಅಗೆಯುತ್ತಿದ್ದಳು. ತಲೆ ಎತ್ತಲು ಹೆದರಿ ಒಂದೇ ಸಮನೆ ಅಗೆಯುತ್ತಿದ್ದಳು; ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದದ್ದೂ ಗೊತ್ತಾಗಲಿಲ್ಲ.

ಎರಡನೆಯ ಬದು ಕೂಡಿದಾಗ ಹೊತ್ತು ನೆತ್ತಿ ದಾಟಿತ್ತು. ಎಲ್ಲರೂ ಅಂಗಳದಲ್ಲಿ ಕೂತು ಉಂಡರು. ಕೈ ಕುಲುಕುವ ಫೋಟೊಗೆ ಅಜ್ಜಿ ಒಪ್ಪಲಿಲ್ಲ. "ಕೈಯಲ್ಲಿ ಸೌಟೈತೆ," ಎಂದಳು. ತಟ್ಟೆಗಳು ಬರಿದಾದ ಮೇಲೆ ಸೌಟು ಕೆಳಗಿಟ್ಟು, "ಎಲ್ಲಿ, ಆ ಹಾಳೆ ಕೊಡಿ," ಎಂದಳು.

ಕತುಂಗೆ ಬರಿದಾದ ತಟ್ಟೆಯನ್ನೇ ಮತ್ತೆ ಬೆರಳಿನಿಂದ ಬಳಿದಳು.

ಅಜ್ಜಿ ಅರ್ಜಿಯನ್ನು ತೊಡೆಯ ಮೇಲೆ ಹರಡಿ ಪುಟಪುಟವನ್ನೂ ಬೆರಳಿಟ್ಟು ಓದಿದಳು. ಮೂರನೇ ಪುಟದಲ್ಲಿ ಬೆರಳು ನಿಂತಿತು. ಅಲ್ಲಿ ‘ವೃದ್ಧೆ’ ಎಂದಿತ್ತು; ಅದರ ಹಿಂದೆ ಒಂದು ಪದದಷ್ಟು ಬಿಳಿಯ ಜಾಗ. ಅಜ್ಜಿ ಆ ಬಿಳಿಯ ಜಾಗದ ಮೇಲೆ ಒಮ್ಮೆ ಬೆರಳಾಡಿಸಿದಳು. ಕತುಂಗೆಯ ಕಡೆ ನೋಡಲಿಲ್ಲ. ಕೊನೆಯ ಪುಟ ತೆಗೆದು, ಮೇಡಮ್ಮರ ಪೆನ್ನು ಈಸಿಕೊಂಡು, ಆ ನೀಲಿ ಹೆಬ್ಬೆಟ್ಟಿನ ಮೇಲೆಯೇ ಒಂದೊಂದು ಅಕ್ಷರವನ್ನೂ ಉತ್ತಂತೆ ಬರೆದಳು. ಸ್ಯೊಂಬುವ. ಹೆಸರು ಮುಗಿಯುವ ಹೊತ್ತಿಗೆ ಹೆಬ್ಬೆಟ್ಟು ಅರ್ಧ ಮುಚ್ಚಿಹೋಗಿತ್ತು.

ಮೇಡಮ್ ಹಾಳೆ ತೆಗೆದುಕೊಂಡು ನೋಡಿದರು. ಹೆಸರಿನ ಕೆಳಗಿನಿಂದ ಇಣುಕುತ್ತಿದ್ದ ಆ ಪುಟ್ಟ ಗುರುತನ್ನು ನೋಡಿದರು. ತಮ್ಮ ಎದುರು ಕೂತ ಕತುಂಗೆಯ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ನೀಲಿಯನ್ನು ನೋಡಿದರು. ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡರು.

"ಸರಿ, ಈಗ ಹೇಳಿ," ಎಂದಳು ಅಜ್ಜಿ. "ಮುಂದಿನ ಹೊಲ ಯಾರ್ದು?"

"ಅಜ್ಜಿ, ಯೋಜನೆ ಇಲ್ಲಿಗೆ ಮುಗೀತು..." ಎಂದು ಮೇಡಮ್ ಮೆಲ್ಲಗೆ ಶುರುಮಾಡಿ, ನಡುವೆಯೇ ನಿಲ್ಲಿಸಿದರು. ಕೊನೆಗೆ ಮುಲ್ವನ ತಗಡಿನ ಗಂಟಲು ಕೇಳಿಸಿತು. "ನಮ್ದು ಅಜ್ಜಿ. ನಮ್ ಹೊಲದ್ದೂ ಒಂದು ಬದು ಕುಸಿದಿದೆ."

"ಯಾವಾಗ?"

"ನಾಳೆನೇ!" ಎಂದ ಅವನು, ಮತ್ತು ಎಲ್ಲರೂ ಹೋ ಎಂದು ನಕ್ಕರು. ನಾಳೆ ಶನಿವಾರ, ರಜಾದಿನ. ಮಕ್ಕಳು ಇಳಿದು ಹೋದ ಇಳಿಜಾರಿನುದ್ದಕ್ಕೂ ಆ ನಗು ಕೇಳುತ್ತಿತ್ತು. ಅಜ್ಜಿ ಮಾತ್ರ ನಗಲಿಲ್ಲ.

*

ಬೆಳಿಗ್ಗೆ ಕತುಂಗೆಗೆ ಎಚ್ಚರವಾದಾಗ ಮೈಯೆಲ್ಲ ಹೆಣೆದ ಹಗ್ಗದಂತೆ ಬಿಗಿದಿತ್ತು. ಪೀಪಿಯ ಸದ್ದು ಕನಸಿನಲ್ಲೋ ನಿಜದಲ್ಲೋ ಕೇಳಿಸಿದಂತಿತ್ತು. ಮಗ್ಗುಲಾದಳು. ಬೊಬ್ಬೆ ಒಡೆದ ಅಂಗೈ ಕಂಬಳಿಗೆ ತಾಗಿ ಉರಿಯಿತು. ಇನ್ನೊಂದು ಸ್ವಲ್ಪ, ಎಂದುಕೊಂಡಳು. ಆಮೇಲೆ ಅಡುಗೆಮನೆಯ ಗೋಡೆ ನೆನಪಾಗಿ ಎದ್ದು ಬಂದಳು. ಮೊಳೆ ಬರಿದಾಗಿತ್ತು. ಬಾಗಿಲ ಹಿಂದಿನ ಹೊಸ ಕಾವಿನ ಗುದ್ದಲಿಯೂ ಇರಲಿಲ್ಲ.

ಅಮ್ಮ ಒಲೆಯ ಮುಂದೆ ಗಂಜಿ ಕದಡುತ್ತಿದ್ದಳು. "ಹೋಗಿ ಒಂದು ಗಂಟೆ ಆಯ್ತು," ಎಂದಳು ಕೇಳುವ ಮೊದಲೇ. "ಕಾಲು ನೋಯುತ್ತೆ ಅಂದೆ. ಕಾಲು ಮನೇಲಿದ್ರೂ ನೋಯುತ್ತೆ ಅಂದ್ರು." ಇಷ್ಟು ಹೇಳಿ ಅವಳು ಮಗಳ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ, ಹಳೆಯ ಬಟ್ಟೆಯ ಎರಡು ತುಂಡು ಹರಿದು ಸುತ್ತಿ ಕಟ್ಟಿದಳು. ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಟ್ಟಿದ ಗಂಟನ್ನು ಒಮ್ಮೆ ಜಗ್ಗಿ ನೋಡಿದಳು.

ಮುಲ್ವನ ಮನೆ ಎರಡು ದಿಣ್ಣೆಯ ಆಚೆ. ಕತುಂಗೆ ಅಮ್ಮನ ಗುದ್ದಲಿ ಹೆಗಲಿಗೇರಿಸಿಕೊಂಡು ಅರ್ಧ ದಾರಿ ನಡೆದಳು, ಅರ್ಧ ದಾರಿ ಓಡಿದಳು. ದಾರಿಯಲ್ಲಿ ಬಾವಿಯ ಹತ್ತಿರ ಕೂತಿದ್ದ ಅವಳ ತರಗತಿಯ ಇಬ್ಬರು ಹುಡುಗಿಯರು, "ಎಲ್ಲಿಗೇ, ಶನಿವಾರನೂ ಸೇವೆನಾ?" ಎಂದು ಕೂಗಿದರು. ಅವಳು ಕೈಯೆತ್ತಿದಳು, ನಿಲ್ಲಲಿಲ್ಲ.

ಮುಲ್ವನ ಅಮ್ಮ ಹೊಲದ ಅಂಚಿನಲ್ಲಿ ಒಂದು ಕುರ್ಚಿ ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಮುಲ್ವ ನಿದ್ದೆಗಣ್ಣಿನಲ್ಲಿ, ಅಂಗಿಯ ಗುಂಡಿ ಏರುಪೇರಾಗಿ ಹಾಕಿಕೊಂಡು ದಾರ ಹಿಡಿದಿದ್ದ. ಕುಸಿದ ಬದುವಿನ ಈ ತುದಿಯಲ್ಲಿ ಅಜ್ಜಿ ಕುಂಡೆಯೂರಿ ಕೂತು, ಎಡಗಾಲನ್ನು ಉದ್ದಕ್ಕೆ ಚಾಚಿ, ಗುದ್ದಲಿಯನ್ನು ಮೋಟಾಗಿ ಹಿಡಿದು ಅಗೆಯುತ್ತಿದ್ದಳು. ಅಗೆದ ಮಣ್ಣನ್ನು ಮೇಲಕ್ಕೆ ಎಸೆಯುತ್ತಿದ್ದಳು. ಅದರಲ್ಲಿ ಕಾಲುಭಾಗ ಜಾರಿ ಅವಳ ತೊಡೆಯ ಮೇಲೇ ಬೀಳುತ್ತಿತ್ತು.

ಕತುಂಗೆ ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು.

"ತಡವಾಯ್ತು," ಎಂದಳು ಅಜ್ಜಿ, ತಲೆ ಎತ್ತದೆ. "ಒಂದು ಹೊರೆ ಸೌದೆ."

"ಹೂಂ ಅಜ್ಜಿ."

ಅವಳು ಬದುವಿನ ಆ ತುದಿಗೆ ಹೋಗಿ ನಿಂತು ಗುದ್ದಲಿ ಎತ್ತಿದಳು. ನಡುವೆ ಇಪ್ಪತ್ತು ಹೆಜ್ಜೆಯಷ್ಟು ಕುಸಿದ ಮಣ್ಣು, ಅದರ ಮೇಲೆ ಬಿಗಿಯಾಗಿ ಎಳೆದ ಬಿಳಿ ದಾರ. ಅಜ್ಜಿಯ ಕೊರಳಿನ ಪೀಪಿ ಪ್ರತಿ ಏಟಿಗೂ ಎದೆಯಿಂದ ಒಮ್ಮೆ ಹಾರಿ ಮತ್ತೆ ಎದೆಗೆ ಬೀಳುತ್ತಿತ್ತು.